ಚಿಕ್ಕಮ್ಮನ ಚೀಲದ ಕಾಣೆ ಮೀನು

ಮೊನ್ನೆ ಉಡುಪಿಯ ಬನ್ನಂಜೆಯಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಹಿಂದಿನ ಹೋಟೆಲಿನ ಅಡುಗೆಕೋಣೆಯಿಂದ ಕಾಣೆ ಮೀನು ಕಾಯಿಸುವ ವಾಸನೆ ಬಂತು. ಈಗಿನವರು ಮಾಡುವ ಹಾಗೆ ರವೆಯಲ್ಲಿ ಹೊರಳಿಸಿದ್ದಲ್ಲ, ಮೆಣಸು ಹುಳಿ ಉಪ್ಪು ನುಣ್ಣಗೆ ಅರೆದು ಹಚ್ಚಿ ತೆಂಗಿನೆಣ್ಣೆಯಲ್ಲಿ ನಿಧಾನವಾಗಿ ಕಾಯಿಸುವಂಥದ್ದು. ನನ್ನ ಬಸ್ಸು ಬಂತು, ಹೋಯಿತು. ಅದರ ಹಿಂದಿನದೂ ಹೋಯಿತು. ನಾನು ನಿಂತಲ್ಲೇ ನಿಂತಿದ್ದೆ. ಮನಸ್ಸು ಕೆಲವು ವರ್ಷ ಹಿಂದಿನ ಕಾಪುವಿನ ಕಡಲಿಗೆ ಹೋಗಿಬಿಟ್ಟಿತ್ತು, ಮಳೆ ನಿಂತ ಮೇಲೆ ಡಿಸೆಂಬರಿನವರೆಗಿನ ಆ ಒಂದು ಕಾಲಕ್ಕೆ. ಆ ಮೂರು ತಿಂಗಳಲ್ಲಿ ತಿಂದಷ್ಟು ಕಾಣೆ ಮೀನನ್ನು ನಾನು ಅದಕ್ಕೆ ಮೊದಲೂ ತಿಂದಿಲ್ಲ, ಆಮೇಲೂ ತಿಂದಿಲ್ಲ. ಅದರಲ್ಲಿ ಒಂದೇ ಒಂದು ಕೂಡ ನನಗಾಗಿ ಬಂದದ್ದಲ್ಲ ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ಆದರೆ ಸುಳ್ಳು ಹೇಳಬಾರದು, ಬಾಯಲ್ಲಿ ನೀರೂ ಬರುತ್ತದೆ.

ಆಗ ನನಗೆ ಇಪ್ಪತ್ತನಾಲ್ಕು. ಮಣಿಪಾಲದ ಒಂದು ಆಸ್ಪತ್ರೆಯಲ್ಲಿ ರೋಗಿಗಳ ಫೈಲು ಜೋಡಿಸುವ ಕೆಲಸ ಸಿಕ್ಕಿತ್ತು. ಪರ್ಕಳದಲ್ಲಿ ಬಾಡಿಗೆಗೆ ಒಂದು ಕೋಣೆ, ಅದಕ್ಕೆ ಅಂಟಿಕೊಂಡ ಪುಟ್ಟ ಅಡುಗೆಮನೆ. ಒಂದು ಚಹಾ ಮಾಡಲೂ ಬಾರದ ಮಗಳು ಹಸಿದು ಒಣಗುತ್ತಾಳೆಂದು ಕಾರ್ಕಳದಲ್ಲಿದ್ದ ಅಮ್ಮನಿಗೆ ಚಿಂತೆ ಹತ್ತಿತು. ತಮ್ಮ ತಂಗಿ ಲೀಲಾ ಚಿಕ್ಕಮ್ಮನನ್ನು “ಒಂದು ವಾರ ಇದ್ದು ಬಾ” ಎಂದು ನನ್ನಲ್ಲಿಗೆ ಕಳುಹಿಸಿದರು. ಆ ಒಂದು ವಾರ ಮುಗಿಯದೆ ಎಂಟು ತಿಂಗಳಾಗಿತ್ತು.

ಚಿಕ್ಕಮ್ಮನಿಗೆ ನಲವತ್ತಾರು. ಮದುವೆಯಾಗಿರಲಿಲ್ಲ. ಯಾರೂ ಬೇಡವೆಂದದ್ದಲ್ಲ, ಯಾರಿಗೂ ನೆನಪಾಗಲಿಲ್ಲ ಅಷ್ಟೇ. ಹಾಸಿಗೆ ಹಿಡಿದ ಅಜ್ಜಿಯನ್ನು ಹದಿನೈದು ವರ್ಷ ನೋಡಿಕೊಂಡದ್ದು ಅವರು. ಅಜ್ಜಿ ತೀರಿಹೋದ ಮೇಲೆ ನಮ್ಮ ಕುಟುಂಬದಲ್ಲಿ ಎಲ್ಲಿ ಬಾಣಂತನವಾದರೂ, ಯಾರ ಕಾಲು ಮುರಿದರೂ, “ಲೀಲಾ ಇದ್ದಾಳಲ್ಲ” ಎಂಬ ಮಾತು ಬರುತ್ತಿತ್ತು. ಚಿಕ್ಕಮ್ಮ ಬಟ್ಟೆಯ ಚೀಲ ಹಿಡಿದು ನಗುನಗುತ್ತ ಹೊರಡುತ್ತಿದ್ದರು. ಕಾರ್ಕಳದಲ್ಲಿದ್ದಾಗ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದುದರಿಂದ ಅವರನ್ನು ಟೀಚರ್ ಎನ್ನುವವರೂ ಇದ್ದರು. ಇನ್ನೊಂದು ವಿಷಯ ಇಲ್ಲಿಯೇ ಹೇಳಿಬಿಡಬೇಕು. ಮೀನಿಲ್ಲದಿದ್ದರೆ ಅನ್ನ ಗಂಟಲಿನಿಂದ ಇಳಿಯದವರ ಮನೆಯಲ್ಲಿ ಹುಟ್ಟಿಯೂ ಚಿಕ್ಕಮ್ಮ ಮೀನು ತಿನ್ನುತ್ತಿರಲಿಲ್ಲ. ಒಂದು ತುಂಡು ತಿಂದರೂ ಮೈಯೆಲ್ಲ ದದ್ದು ಎದ್ದು ಎರಡು ದಿನ ತುರಿಸಿಕೊಳ್ಳಬೇಕಾಗುತ್ತಿತ್ತು.

ಭಾನುವಾರ ಬಂದರೆ ನಮ್ಮ ಆಫೀಸಿನ ಗುಂಪು ಕಾಪು ಬೀಚಿಗೆ ಹೊರಡುತ್ತಿತ್ತು. ಚಿಕ್ಕಮ್ಮನನ್ನು ಕೋಣೆಯಲ್ಲಿ ಒಬ್ಬರನ್ನೇ ಬಿಡಲು ಮನಸ್ಸಾಗದೆ ನಾನು ಜೊತೆಯಲ್ಲಿ ಕರೆದುಕೊಂಡು ಹೋಗುತ್ತಿದ್ದೆ. ಆ ಬೀಚಿನ ಗೌಜಿ ಕಂಡವರಿಗೇ ಗೊತ್ತು. ದೀಪಸ್ತಂಭದ ಮೆಟ್ಟಿಲಿನಲ್ಲಿ ಸಾಲು, ಕೆಳಗೆ ಬಂಡೆಯ ಮೇಲೆ ಕೂದಲು ಹಾರಿಸಿಕೊಂಡು ಫೋಟೋ ತೆಗೆಸಿಕೊಳ್ಳುವವರು, ಮಸಾಲೆ ಹಾಕಿದ ಮಾವಿನಕಾಯಿ, ಚರುಮುರಿ, ಮರಳಿನಲ್ಲಿ ಹೂತುಹೋದ ಕಾರನ್ನು ದೂಡುವವರು, ರೀಲ್ಸ್‌ಗೆ ಕುಣಿಯುವವರು, ಅವರನ್ನು ನೋಡಲು ನಿಂತವರು. ನನಗೆ ಇದೆಲ್ಲ ಪ್ರಾಣ. ಚಿಕ್ಕಮ್ಮ ಎಲ್ಲರ ಚಪ್ಪಲಿ ಮತ್ತು ಬ್ಯಾಗುಗಳ ನಡುವೆ ಕಾವಲು ಕೂರುತ್ತಿದ್ದರು. ಅದೂ ಅವರ ಪಾಲಿಗೇ ಬಂದ ಕೆಲಸ, ನಾವು ಯಾರೂ ಹೇಳಿರಲಿಲ್ಲ.

ಎರಡನೆಯದೋ ಮೂರನೆಯದೋ ಭಾನುವಾರ ಯಾರೋ ಹೊಡೆದ ವಾಲಿಬಾಲ್ ಬಂದು ಅವರ ಬೆನ್ನಿಗೆ ಬಡಿಯಿತು. ಅವರು ಎದ್ದು ಸೀರೆಯ ಮರಳು ಕೊಡವಿ, “ನಾನು ಆ ಕಡೆ ಸ್ವಲ್ಪ ನಡೆದು ಬರುತ್ತೇನೆ. ಇಲ್ಲಿ ಕಡಲಿಗಿಂತ ಜನವೇ ಹೆಚ್ಚು ಉಂಟು” ಎಂದು ಹೇಳಿ ಬಂಡೆಗಳ ತೆಂಕಣ ಕಡೆಗೆ ಹೋದರು. ಒಂದೂವರೆ ಗಂಟೆಯಾದರೂ ಪತ್ತೆಯಿಲ್ಲ. ನಾನು ಗಾಬರಿಯಿಂದ ಹುಡುಕಿಕೊಂಡು ಹೊರಟೆ.

ಬಂಡೆ ದಾಟಿ ನಾನು ಅದುವರೆಗೆ ಹೋಗಿರಲೇ ಇಲ್ಲ. ಆಚೆ ಕಡಲು ಒಳಕ್ಕೆ ಸರಿದು ಅರ್ಧಚಂದ್ರದ ಹಾಗೆ ಒಂದು ಸಣ್ಣ ಕೊಲ್ಲಿಯಾಗಿದೆ. ಅಂಗಡಿಯಿಲ್ಲ, ಮೈಕಿಲ್ಲ. ನಾಲ್ಕು ತೆಂಗಿನ ಮರ, ಕವಚಿ ಹಾಕಿದ ಒಂದು ಹಳೆಯ ದೋಣಿ, ಬಲೆ ಒಣಗಿಸಿದ ಬೇಲಿ. ಅಲೆಯೂ ಅಲ್ಲಿ ತಗ್ಗಿದ ದನಿಯಲ್ಲಿ ಬರುತ್ತಿತ್ತು. ಹದಿನೈದು ಇಪ್ಪತ್ತು ಜನ ಎರಡು ಸಾಲಾಗಿ ನಿಂತು ಹಗ್ಗ ಎಳೆಯುತ್ತಿದ್ದರು. ಆ ಸಾಲಿನ ಕೊನೆಯಲ್ಲಿ, ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಹಿಮ್ಮಡಿ ಮರಳಿಗೆ ಊರಿ, ಮುಖ ಕೆಂಪು ಮಾಡಿಕೊಂಡು ಎಳೆಯುತ್ತಿದ್ದವರು ನಮ್ಮ ಲೀಲಾ ಚಿಕ್ಕಮ್ಮ.

ಅದು ಕೈರಂಪಣಿ. ದೋಣಿಯಲ್ಲಿ ಬಲೆಯನ್ನು ಒಯ್ದು ಕಡಲಿನಲ್ಲಿ ದೊಡ್ಡ ಬಳಸಾಗಿ ಬಿಟ್ಟು ಬರುತ್ತಾರೆ. ಬಲೆಯ ಎರಡು ತುದಿಯ ಹಗ್ಗಗಳು ದಡದಲ್ಲಿರುತ್ತವೆ. ಎರಡು ಗುಂಪು ಆ ಹಗ್ಗಗಳನ್ನು ಎಳೆಯುತ್ತ ಎಳೆಯುತ್ತ ಒಂದಕ್ಕೊಂದು ಹತ್ತಿರ ಸರಿಯಬೇಕು. ಯಂತ್ರವಿಲ್ಲ, ಬರೀ ಕೈ. ಅದಕ್ಕೇ ಅಲ್ಲಿ ಒಂದು ಕಟ್ಟಳೆ ಉಂಟು: ಹಗ್ಗಕ್ಕೆ ಕೈ ಹಾಕಿದವರು ಯಾರೇ ಆಗಲಿ, ದಾರಿಯಲ್ಲಿ ಹೋಗುವವರೇ ಆಗಲಿ, ಅವರಿಗೆ ಒಂದು ಪಾಲು ಮೀನು ಕೊಡಲೇಬೇಕು. ಪಾಲು ಹಾಕುವವನು ಬಲೆಯ ಹಿರಿಯ. ಎಲ್ಲರೂ ಎತ್ತಿಕೊಂಡ ಮೇಲೆ, ಸಮನಾಗಿ ಹಂಚಲು ಸಾಲದೆ ಉಳಿದದ್ದು ಅವನದು.

ಆ ಹಿರಿಯ ಶೇಖರಣ್ಣ. ಐವತ್ತರ ಆಸುಪಾಸಿನ ಮನುಷ್ಯ, ಹೆಂಡತಿ ತೀರಿಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿಲ್ಲ. ಮಾತು ಕಡಿಮೆ. ಇಪ್ಪತ್ತು ವರ್ಷದಿಂದ ಪಾಲು ಹಾಕುತ್ತಿದ್ದರೂ ಒಂದು ದಿನವೂ ಒಬ್ಬರೂ ಗೊಣಗಿದವರಿಲ್ಲ ಎಂದು ಆಮೇಲೆ ಕೇಳಿದೆ. ಅವತ್ತು ಅವರು ಚಿಕ್ಕಮ್ಮನ ಪಾಲನ್ನು ಒಂದು ಚೀಲಕ್ಕೆ ಹಾಕಿ ಹಿಡಿದು, “ತೆಗೆದುಕೊಳ್ಳಿ ಅಕ್ಕ” ಎಂದರು. ಚಿಕ್ಕಮ್ಮ ಬೇಡವೆನ್ನಲು ಬಾಯಿ ತೆರೆದವರು ಮತ್ತೆ ಮುಚ್ಚಿ ಎರಡೂ ಕೈಯಲ್ಲಿ ಚೀಲ ತೆಗೆದುಕೊಂಡರು. ಅಂಗೈ ಕೆಂಪಾಗಿ ಗುಳ್ಳೆ ಎದ್ದಿತ್ತು.

“ಮೀನು ಯಾಕೆ ತೆಗೆದುಕೊಂಡಿರಿ?” ಎಂದು ಬಸ್ಸಿನಲ್ಲಿ ಕೇಳಿದೆ.

“ನನ್ನ ಕೆಲಸಕ್ಕೆ ಅಂತ ನನ್ನ ಕೈಗೆ ಒಬ್ಬರು ಎಂತಾದರೂ ಕೊಟ್ಟದ್ದು ಇವತ್ತು ಮಾರಾಯ್ತಿ. ಬೇಡ ಅನ್ನುವುದು ಹೇಗೆ?” ಎಂದರು.

ಅಲ್ಲಿಂದ ಪ್ರತಿ ಭಾನುವಾರ ನಾನು ಬಂಡೆಯ ಈಚೆ, ಅವರು ಬಂಡೆಯ ಆಚೆ. ಅಕ್ಟೋಬರಿನಲ್ಲಿ ಮಧ್ಯಾಹ್ನದ ಹೊತ್ತು ಗುಡುಗಿ ಒಂದು ಮಳೆ ಹೊಯ್ದು ಹೋಗುತ್ತಿತ್ತು, ಬೀಚಿನವರೆಲ್ಲ ಅಂಗಡಿಗಳ ತಗಡಿನಡಿಗೆ ಓಡಿದರೆ ಅವರು ತೋಯ್ದುಕೊಂಡೇ ಎಳೆಯುತ್ತಿದ್ದರು. ನವೆಂಬರಿನಲ್ಲಿ ಕಡಲು ಹಸಿರಾಗಿ ತಿಳಿಯಾಯಿತು. ಕ್ರಮೇಣ ನಾನೂ ಗುಂಪಿನಿಂದ ತಪ್ಪಿಸಿಕೊಂಡು ಕೊನೆಯ ಅರ್ಧಗಂಟೆ ಆಚೆ ಹೋಗಿ ಕೂರಲು ಶುರುಮಾಡಿದೆ. ಅಲ್ಲಿನ ಮಾತು ಕೇಳುವುದೇ ಒಂದು ಸುಖ. ಚಿಕ್ಕಮ್ಮನ ಮುಂದೆ ಹಗ್ಗ ಹಿಡಿಯುತ್ತಿದ್ದವರು ಹಮೀದಾಕ, ಮೂವತ್ತು ವರ್ಷ ಗಲ್ಫ್‌ನಲ್ಲಿ ದುಡಿದು ಬಂದ ಬ್ಯಾರಿ. “ಅಲ್ಲಿ ಎಸಿಯಲ್ಲಿ ಕೂತು ಬಂದ ಹೊಟ್ಟೆ ಇದು, ಇಲ್ಲಿ ಕರಗಬೇಕು” ಎಂದು ಅದನ್ನು ತಟ್ಟಿ ತೋರಿಸುತ್ತಿದ್ದರು. ಎದುರು ಸಾಲಿನಲ್ಲಿ ಮೀನು ಮಾರುವ ಕಮಲಕ್ಕ. ಅವರ ಕಣ್ಣು ತಪ್ಪಿಸಿ ಬಲೆಯಿಂದ ಒಂದು ಸಿಗಡಿ ಹೊರಗೆ ಹೋಗಲಾರದು. ಚಿಕ್ಕಮ್ಮ ಮೊದಮೊದಲು ಎಲ್ಲರ ಮಾತಿಗೆ ನಗುತ್ತಿದ್ದರು, ಆಮೇಲೆ ತಾವೇ ನಗಿಸತೊಡಗಿದರು. ನಮ್ಮ ಮನೆಗಳಲ್ಲಿ ಅವರು ಅಷ್ಟು ದೊಡ್ಡ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಚಿಕ್ಕಮ್ಮ ತಮ್ಮ ಹೊಲಿಗೆ ಪಾಠದ ಕಥೆ ಹೇಳಿ ನಗಿಸಿದ ಒಂದು ಭಾನುವಾರ ಶೇಖರಣ್ಣ ಅವರನ್ನು ‘ಅಕ್ಕ’ ಎನ್ನುವುದನ್ನು ನಿಲ್ಲಿಸಿ ‘ಟೀಚರ್’ ಎಂದರು. ಹಮೀದಾಕ ಹಗ್ಗದಿಂದ ಮುಖ ತಿರುಗಿಸಿ ಒಮ್ಮೆ ಶೇಖರಣ್ಣನನ್ನು, ಒಮ್ಮೆ ಚಿಕ್ಕಮ್ಮನನ್ನು ನೋಡಿ, “ಓ ಹಾಗಾ!” ಎಂದು ಮತ್ತೆ ಎಳೆಯತೊಡಗಿದರು. ಕೆಲಸ ಮಾಡುವ ಕಡೆ ಎಲ್ಲ ಹೆಂಗಸರೂ ಅಕ್ಕಂದಿರೇ ಆಗಿರುವ ನಮ್ಮ ಊರಿನಲ್ಲಿ ಆ ಒಂದು ಅಕ್ಕ ಬಿಟ್ಟುಹೋದದ್ದು ಏನೆಂದು ಅಲ್ಲಿದ್ದ ಎಲ್ಲರಿಗೂ ತಿಳಿಯಿತು.

ನನಗೆ ಅದಕ್ಕಿಂತ ಮೊದಲೇ ತಿಳಿದಿತ್ತು. ಪರ್ಕಳಕ್ಕೆ ಬಂದು ಚೀಲ ಬಿಡಿಸುತ್ತಿದ್ದವಳು ನಾನು. ಚಿಕ್ಕಮ್ಮ ಮೀನು ಮುಟ್ಟಿದರೂ ಕೈ ತುರಿಸುತ್ತದೆಂದು ಮಸಾಲೆ ಮಾತ್ರ ಅರೆದು ಕೊಟ್ಟು ಹೊರಗೆ ಕೂರುತ್ತಿದ್ದರು. ಚೀಲದಲ್ಲಿ ಮೇಲೆ ಎಲ್ಲರಿಗೂ ಸಿಕ್ಕುವ ಬೂತಾಯಿ, ಬಂಗುಡೆ ಇರುತ್ತಿದ್ದವು. ಅಡಿಯಲ್ಲಿ ಎರಡೋ ಮೂರೋ ಉದ್ದನೆಯ ಕಾಣೆ ಮೀನು. ಬೇರೆಯವರಿಗೆ ಒಂದು ಬಂದರೆ ಹೆಚ್ಚು. ಮೊದಲ ಸಲ ಅದೃಷ್ಟ ಎಂದುಕೊಂಡೆ. ಮೂರನೆಯ ಸಲಕ್ಕೆ ಅದು ಅದೃಷ್ಟವಲ್ಲ ಎಂದು ಅರ್ಥವಾಯಿತು.

ಚಿಕ್ಕಮ್ಮನಿಗೆ ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದರೆ ಅವರು ಅಂಥ ಮೀನು ತೆಗೆದುಕೊಳ್ಳುತ್ತಿರಲಿಲ್ಲ, ನನಗೆ ಕಾಣೆ ತಪ್ಪುತ್ತಿತ್ತು ಎಂಬುದು ಸಣ್ಣ ಕಾರಣ. ದೊಡ್ಡ ಕಾರಣ ಬೇರೆ. ಬೆಳಿಗ್ಗೆ ಏಳುವಾಗ ಬಿಸಿ ಬಿಸಿ ನೀರುದೋಸೆ, ಇಸ್ತ್ರಿ ಹಾಕಿದ ಚೂಡಿದಾರ, ಸಂಜೆ ಬಾಗಿಲು ತಟ್ಟುವ ಮೊದಲೇ ತೆರೆಯುವ ಬಾಗಿಲು, ಇದೆಲ್ಲ ಎದ್ದು ಕಾಪುವಿಗೆ ಹೋಗಿಬಿಟ್ಟರೆ? ನಾನು ಚಿಕ್ಕಮ್ಮನನ್ನು ಪ್ರೀತಿಸುತ್ತಿದ್ದೆ, ಸತ್ಯ. ಅವರಿಗೆ ಒಂದು ಸ್ವಂತ ಬದುಕು ಸಿಗುತ್ತದೆಂದು ಹೆದರುತ್ತಿದ್ದೆ, ಅದೂ ಸತ್ಯ. ಕಾಣೆಯ ಮುಳ್ಳು ಬಿಡಿಸಿ ತಿನ್ನುತ್ತ ಬಾಯಿ ಮುಚ್ಚಿಕೊಂಡಿದ್ದೆ.

ಡಿಸೆಂಬರಿನ ಮೊದಲ ಭಾನುವಾರ ಬಲೆಗೆ ಮೀನು ಕಡಿಮೆ ಬಿತ್ತು. ಕಮಲಕ್ಕ ಅವತ್ತು ಬೆಳಿಗ್ಗೆಯಿಂದ ಯಾರ ಮೇಲೋ ಸಿಟ್ಟಿನಲ್ಲಿದ್ದರು. ಪಾಲು ಹಾಕಿ ಮುಗಿದು, ಎಲ್ಲರೂ ತಮ್ಮ ತಮ್ಮದು ಎತ್ತಿಕೊಂಡು, ಶೇಖರಣ್ಣ ಚಿಕ್ಕಮ್ಮನ ಕೈಗೆ ಚೀಲ ಕೊಡುವ ಹೊತ್ತಿಗೆ ಸರಿಯಾಗಿ ಸೊಂಟಕ್ಕೆ ಕೈಯಿಟ್ಟು ನಿಂತರು.

“ಶೇಖರಾ, ಕಾಣೆ ಎಲ್ಲಿ ಹೋಯಿತು? ಬಲೆಯಲ್ಲಿ ನಾನು ಕಣ್ಣಾರೆ ಕಂಡಿದ್ದೇನೆ. ನನ್ನ ಪಾಲಿನಲ್ಲಿ ಒಂದೂ ಇಲ್ಲ.”

“ಎಲ್ಲರಿಗೂ ಸರಿಯಾಗಿ ಹಾಕಿದ್ದೇನೆ ಕಮಲಕ್ಕ.”

“ಹಾಗಾದರೆ ಟೀಚರ ಚೀಲ ಬಿಡಿಸು, ನೋಡುವಾ.”

 ಬೀಚಿನ ಕಡೆಯ ಹಾಡು ಮಾತ್ರ ಗಾಳಿಯಲ್ಲಿ ಕೇಳಿಸುತ್ತಿತ್ತು.  ಯಾರೂ ಮುಟ್ಟುವ ಮೊದಲು ಚಿಕ್ಕಮ್ಮನೇ ಚೀಲವನ್ನು ಮರಳಿನ ಮೇಲೆ ಬೋರಲು ಹಾಕಿದರು. ಬೂತಾಯಿ ಚೆಲ್ಲಿ, ಅದರ ಮೇಲೆ ಮೂರು ಕಾಣೆ ಹೊಳೆಯುತ್ತ ಬಿದ್ದವು.

“ನನಗೆ ಗೊತ್ತಿಲ್ಲ,” ಎಂದರು ಚಿಕ್ಕಮ್ಮ. “ನಾನು ಕೇಳಿದ್ದಲ್ಲ.”

ಶೇಖರಣ್ಣ ತಲೆ ತಗ್ಗಿಸಿದರು.  ಪಾಲಿನಲ್ಲಿ ಮೋಸ ಮಾಡಿದವನು ಮತ್ತೆ ಆ ಬಲೆಯ ಹತ್ತಿರ ಬರುವ ಹಾಗಿಲ್ಲ, ಇಪ್ಪತ್ತು ವರ್ಷದ ಹೆಸರು ಆ ಮರಳಿನ ಮೇಲೆ ಬಿದ್ದಿತ್ತು.  ಏನಾಗುತ್ತಿದೆಯೆಂದು ತಿಳಿದೂ ವಾರಗಟ್ಟಲೆ ಉಂಡು ಸುಮ್ಮನಿದ್ದವಳು ನಾನು.

ಹಮೀದಾಕ ಗಡ್ಡ ನೀವುತ್ತ ಮುಂದೆ ಬಂದರು. ಯಾರ ಚೀಲವನ್ನೂ ನೋಡದೆ ಸೀದಾ ಹೋಗಿ ಶೇಖರಣ್ಣನ ಬುಟ್ಟಿ ಎತ್ತಿ ಕವಚಿದರು. ಏಳೆಂಟು ಸಣ್ಣ ಬೂತಾಯಿ ಬಿದ್ದವು, ಒಂದು ಕಾಲು ಮುರಿದ ಏಡಿ. ಅಷ್ಟೇ.

“ಕಮಲಕ್ಕ, ನಿಮ್ಮ ಕಣ್ಣು ಚುರುಕು, ಒಪ್ಪಿದೆ. ಆದರೆ ಇದನ್ನು ನೋಡಿ. ಪಾಲು ಹಾಕುವವನದು ಉಳಿದದ್ದು, ಅಲ್ವಾ? ಮೂರು ಕಾಣೆ ಇಷ್ಟು ಜನಕ್ಕೆ ಹಂಚಲಿಕ್ಕೆ ಆಗುವುದಿಲ್ಲ, ಉಳಿದ ಕಾಣೆ ಇವನದೇ. ತನ್ನದನ್ನು ತೆಗೆದು ಅವರ ಚೀಲಕ್ಕೆ ಹಾಕಿದ್ದಾನೆ. ಇವತ್ತು ಮಾತ್ರ ಅಲ್ಲ ಮಾರಾಯ್ರೆ, ನಾನು ನೋಡುತ್ತಾ ಇದ್ದೇನೆ. ಈ ಮನುಷ್ಯ ಮೂರು ತಿಂಗಳಿಂದ ಬರೀ ಬೂತಾಯಿ ತಿಂದುಕೊಂಡು ಇದ್ದಾನೆ!”

ಮೊದಲು ನಕ್ಕವರು ಯಾರೋ ನೆನಪಿಲ್ಲ. ಆಮೇಲೆ ಇಡೀ ಕೊಲ್ಲಿ ನಕ್ಕಿತು. ಕಮಲಕ್ಕ ನಗಲಿಲ್ಲ. ತಮ್ಮ ಸಿಟ್ಟು ಹೀಗೆ ಹಾಳಾದದ್ದು ಅವರಿಗೆ ಸಹಿಸಲಾಗಲಿಲ್ಲ. ಶೇಖರಣ್ಣನ ಕಡೆ ತಿರುಗಿದರು.

“ಹಾಗಾದರೆ ಮೊದಲೇ ಬಾಯಿಬಿಟ್ಟು ಹೇಳಲಿಕ್ಕೆ ನಿನಗೆ ಎಂತ ದಾಡಿ? ಇಷ್ಟು ಜನರ ಎದುರು ನನ್ನನ್ನು ಕೆಟ್ಟವಳು ಮಾಡಿದೆ. ಈಗ ಹೇಳು, ಯಾಕೆ ಕೊಟ್ಟದ್ದು?”

ಶೇಖರಣ್ಣ ಕಡಲನ್ನು ನೋಡುತ್ತ, “ಅವರಿಗೆ ಕಾಣೆ ಇಷ್ಟ ಇರಬಹುದು ಅಂತ,” ಎಂದರು.

ಚಿಕ್ಕಮ್ಮ ಮೆಲ್ಲನೆ, “ನಾನು ಮೀನು ತಿನ್ನುವುದಿಲ್ಲ,” ಎಂದರು. “ತಿಂದರೆ ನನಗೆ ಮೈಯೆಲ್ಲ ದದ್ದು ಏಳುತ್ತದೆ.”

ಆ ಕ್ಷಣದಲ್ಲಿ ಅಲ್ಲಿದ್ದ ಅಷ್ಟೂ ಜನ ತಿರುಗಿ ನೋಡಿದ್ದು ನನ್ನನ್ನು. ಮೂರು ತಿಂಗಳಲ್ಲಿ ಚೂಡಿದಾರದ ಬದಿಯ ಹೊಲಿಗೆ ಬಿಚ್ಚಿಸಿಕೊಂಡಿದ್ದ ನಾನು ತೆಂಗಿನ ಮರದ ಹಿಂದೆ ಸರಿಯಲು ನೋಡಿದೆ. ಹಮೀದಾಕ, “ಪರವಾಗಿಲ್ಲ ಮಗಳೇ, ಹೊಟ್ಟೆಗೇ ಹೋದದ್ದಲ್ವಾ, ಕಸಕ್ಕಲ್ಲ,” ಎಂದು ಇನ್ನಷ್ಟು ಮಾನ ಕಳೆದರು.

ಶೇಖರಣ್ಣ ಮಾತ್ರ ಚಿಕ್ಕಮ್ಮನಿಂದ ಕಣ್ಣು ತೆಗೆದಿರಲಿಲ್ಲ. “ತಿನ್ನುವುದಿಲ್ಲ ಅಂದರೆ ಇಷ್ಟು ಸಮಯ ಯಾಕೆ ತೆಗೆದುಕೊಂಡು ಹೋದದ್ದು ಟೀಚರೇ?”

“ಕೊಟ್ಟದ್ದು ನೀವಲ್ವಾ?” ಎಂದರು ಚಿಕ್ಕಮ್ಮ.

ಈ ಸಲ ಯಾರೂ ನಗಲಿಲ್ಲ. ಶೇಖರಣ್ಣ ಹೆಗಲ ಮೇಲಿದ್ದ ಬೈರಾಸು ತೆಗೆದು ಮುಖ ಒರೆಸಿದರು, ಮತ್ತೆ ಹೆಗಲಿಗೆ ಹಾಕಿದರು, ಮತ್ತೆ ತೆಗೆದರು. ಕಮಲಕ್ಕನಿಗೆ ತಡೆಯಲಾಗಲಿಲ್ಲ. “ಕೇಳು ಮಾರಾಯ! ಅದನ್ನೂ ನಾನೇ ಕೇಳಬೇಕಾ?”

“ನನ್ನ ಮನೆಯಲ್ಲಿ ಯಾರೂ ಇಲ್ಲ ಟೀಚರೇ,” ಎಂದರು ಅವರು. “ನಿಮಗೆ ಮನಸ್ಸಿದ್ದರೆ ಬನ್ನಿ. ನನ್ನನ್ನು ನೋಡಿಕೊಳ್ಳಲಿಕ್ಕೆ ಅಂತ ಅಲ್ಲ. ಅಡುಗೆ, ಬಟ್ಟೆ ಎಲ್ಲ ನನಗೆ ಬರುತ್ತದೆ. ಜೊತೆಗೆ ಇರಲಿಕ್ಕೆ.”

ಚಿಕ್ಕಮ್ಮ ಬಗ್ಗಿ ಬರಿದಾದ ಚೀಲವನ್ನು ಎತ್ತಿಕೊಂಡರು. “ನನಗೆ ಸ್ವಲ್ಪ ಸಮಯ ಕೊಡಿ,” ಎಂದು ನನ್ನ ಕೈ ಹಿಡಿದು ನಡೆದರು. 

ಬಸ್ಸು ನಿಲ್ದಾಣಕ್ಕೆ ಬಂದೆವು. ಸಂಜೆಯ ಹೊತ್ತು, ಬೀಚಿನಿಂದ ಮರಳುವವರ ಗಡಿಬಿಡಿ, ಮಕ್ಕಳ ಕೈಯಲ್ಲಿ ಬಲೂನು. ಚಿಕ್ಕಮ್ಮ ರಸ್ತೆಯನ್ನೇ ನೋಡುತ್ತ ಕೇಳಿದರು.

“ನಿನಗೆ ಎಂತ ಕಾಣುತ್ತದೆ? ನೀನು ಬೇಡ ಅಂದರೆ ಬೇಡ. ನಿನ್ನ ಅಮ್ಮ ಹೇಗೂ ಬೇಡ ಅನ್ನುತ್ತಾಳೆ.”

 ನನ್ನ ಬಾಯಿಗೆ ಬಂದದ್ದು ‘ನನ್ನ ಗತಿಯೇನು’ ಎಂಬ ಮಾತು. ಅದನ್ನು ನುಂಗಿ ಚಪ್ಪಲಿಯ ಮರಳು ಕೊಡವುತ್ತ ನಿಂತೆ. ನನ್ನ ಮೌನವನ್ನು ಓದಿಕೊಂಡ ಚಿಕ್ಕಮ್ಮ, “ಆಯಿತು, ಬಿಡು,” ಎಂದು ನಕ್ಕರು. ಯಾರ ಮನೆಗೋ ಕೆಲಸಕ್ಕೆ ಕರೆ ಬಂದಾಗ ಬಟ್ಟೆಯ ಚೀಲ ಹಿಡಿದು ನಗುತ್ತಿದ್ದರಲ್ಲ, ಅದೇ ನಗು. ಹುಟ್ಟಿದಂದಿನಿಂದ ನೋಡಿದ್ದ ಆ ನಗುವನ್ನು ನಾನು ನಿಜವಾಗಿ ಕಂಡದ್ದು ಅವತ್ತು. ನನಗೆ ನನ್ನ ಮೇಲೆಯೇ ಅಸಹ್ಯವಾಯಿತು.

ಬಸ್ಸು ಹಾರನ್ ಬಡಿಯುತ್ತ ಬಂದು ನಿಂತಿತು. “ಉಡುಪಿ ಉಡುಪಿ ಉಡುಪಿ!” ನಾನು ಹತ್ತಿದೆ. ಚಿಕ್ಕಮ್ಮ ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟಿದ್ದರು. ನಾನು ತಿರುಗಿ ಬಾಗಿಲಿಗೆ ಅಡ್ಡ ನಿಂತೆ.

“ಚಿಕ್ಕಮ್ಮ, ಇಳಿಯಿರಿ.”

“ಎಂತ?”

“ಇಳಿಯಿರಿ. ಹೋಗಿ ಅವರಿಗೆ ಹೌದು ಅಂತ ಹೇಳಿ. ಅಮ್ಮನ ಹತ್ತಿರ ನಾನು ಮಾತಾಡುತ್ತೇನೆ, ಇವತ್ತೇ.”

“ರಾತ್ರಿಗೆ ನೀನು ಎಂತ ತಿನ್ನುತ್ತಿ?”

“ಏನಾದರೂ ತಿನ್ನುತ್ತೇನೆ. ನಿಮಗೆ ಮನಸ್ಸು ಉಂಟಾ ಇಲ್ವಾ, ಅದನ್ನು ಹೇಳಿ.”

ಅವರ ಕಣ್ಣು ತುಂಬಿತು. “ಉಂಟು,” ಎಂದರು.

“ಹತ್ತುವುದಾ, ಇಳಿಯುವುದಾ? ಬೇಗ ಹೇಳಿ ಮಾರಾಯ್ರೆ, ಹಿಂದಿನ ಬಸ್ಸು ಬಂತು!” ಕಂಡಕ್ಟರು ಬಾಗಿಲು ಬಡಿದ.

ಚಿಕ್ಕಮ್ಮ ಕಾಲು ಕೆಳಗಿಟ್ಟರು.  ಆಮೇಲೆ ಸೀರೆಯ ನೆರಿಗೆ ಒಂದು ಕೈಯಲ್ಲಿ ಹಿಡಿದು, ಎದುರು ಬರುತ್ತಿದ್ದ ಜನರನ್ನು ಸರಿಸಿಕೊಂಡು, ಕಡಲಿನ ದಾರಿಯಲ್ಲಿ ಓಡಿದರು. ಲೀಲಾ ಚಿಕ್ಕಮ್ಮ ಓಡುವುದನ್ನು ನಮ್ಮ ಕುಟುಂಬದಲ್ಲಿ ಯಾರೂ ನೋಡಿರಲಿಲ್ಲ. ಬಸ್ಸು ಹೊರಟು ತಿರುವಿನಲ್ಲಿ ಅವರು ಮರೆಯಾಗುವವರೆಗೆ ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿದೆ. ಅಳುತ್ತಿದ್ದೆನೋ ನಗುತ್ತಿದ್ದೆನೋ ಗೊತ್ತಿಲ್ಲ.

“ಎರಡು ಉಡುಪಿಯಾ?” ಎಂದ ಕಂಡಕ್ಟರು, ಪ್ರತಿ ಭಾನುವಾರ ನಮ್ಮಿಬ್ಬರನ್ನೂ ನೋಡಿದವನು.

“ಒಂದು.”

“ಯಾಕೆ, ಆ ಅಕ್ಕ ಬರುವುದಿಲ್ವಾ?”

“ಇಲ್ಲ,” ಎಂದೆ. “ಅವರ ಮನೆ ಇಲ್ಲೇ.”